ಮೀನಿನ ಮೊಟ್ಟೆ ಕಾದ ವೈದ್ಯ: ಫ್ರಾನ್ಸಿಸ್ ಡೇ

ಗೋವೆಯ ಮೀನುಪೇಟೆಗೆ ಒಮ್ಮೆಯಾದರೂ ಹೋದವರಿಗೆ ರಾವಸ ಮೀನಿನ ಪರಿಚಯ ಇದ್ದೇ ಇರುತ್ತದೆ. ಬೆಳ್ಳಿಯಂತೆ ಹೊಳೆಯುವ ಮೈ, ರುಚಿಕರವಾದ ಮಾಂಸ, ಎದೆಯ ರೆಕ್ಕೆಯ ಕೆಳಗೆ ದಾರದಂತೆ ಇಳಿಬಿದ್ದ ನಾಲ್ಕು ಎಳೆಗಳು. ನಮ್ಮ ದೇಶಕ್ಕೆ ಬಂದ ಇಂಗ್ಲಿಷರು ಈ ಮೀನನ್ನು ತಿಂದು, ತಮ್ಮ ನಾಡಿನ ಸಾಲ್ಮನ್ ಮೀನನ್ನು ನೆನೆದು, ಇದನ್ನು ಇಂಡಿಯನ್ ಸಾಲ್ಮನ್ ಎಂದು ಕರೆದರು. ಆದರೆ ರಾವಸಕ್ಕೂ ಸಾಲ್ಮನ್ನಿಗೂ ಯಾವ ನೆಂಟಸ್ತನವೂ ಇಲ್ಲ. ನಿಜವಾದ ಸಾಲ್ಮನ್ ತಣ್ಣನೆಯ ನಾಡುಗಳ ಮೀನು. ಈ ಎರಡನ್ನೂ ಚೆನ್ನಾಗಿ ಬಲ್ಲವರಾಗಿದ್ದು, ಭಾರತದ ಮೀನುಗಳಿಗಾಗಿಯೂ ಸಾಲ್ಮನ್ನಿನ ಮರಿಗಳಿಗಾಗಿಯೂ ತಮ್ಮ ಬಾಳನ್ನು ಸವೆಸಿದ ಒಬ್ಬ ಮಹನೀಯರಿದ್ದರು. ಅವರೇ ಡಾ. ಫ್ರಾನ್ಸಿಸ್ ಡೇ. ಭಾರತದ ಮೀನುಗಳನ್ನು ಕುರಿತು ಇಂದಿಗೂ ಯಾರೇ ಅಭ್ಯಾಸ ಮಾಡಲಿ, ಮೊದಲು ತೆರೆಯುವುದು ಅವರ ಗ್ರಂಥವನ್ನು.

ಫ್ರಾನ್ಸಿಸ್ ಡೇ ಅವರು 1829ರ ಮಾರ್ಚ್ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಜನಿಸಿದರು. ಮನೆಯವರು ಅನುಕೂಲಸ್ಥರು, ಹೊಲಗದ್ದೆಗಳೂ ಒಕ್ಕಲುಗಳೂ ಇದ್ದ ಕುಟುಂಬ. ಶ್ರೂಸ್‌ಬರಿಯಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತರು. 1852ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೇನೆಗೆ ಸಹಾಯಕ ಶಸ್ತ್ರವೈದ್ಯರಾಗಿ ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಬಂದ ಹೊಸತರಲ್ಲಿ ಬರ್ಮಾ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಬೇಕಾಯಿತು.

ಮುಂದೆ ಅವರಿಗೆ ಕೊಚ್ಚಿಯಲ್ಲಿ ಕೆಲಸವಾಯಿತು. ಕೊಚ್ಚಿ ಎಂದರೆ ಹಿನ್ನೀರು, ಬಲೆ, ದೋಣಿ, ಮೀನು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಈ ವೈದ್ಯರು ಬೆಸ್ತರ ಬಳಿಗೆ ಹೋಗುವರು. ಅವರು ತಂದ ಮೀನುಗಳನ್ನು ಒಂದೊಂದಾಗಿ ನೋಡಿ, ಅಳೆದು, ಊರಿನವರು ಅದಕ್ಕೆ ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳುವರು. ಮೀನುಗಳನ್ನು ಮದ್ಯಸಾರದಲ್ಲಿ ಇಟ್ಟು ಕಾಪಾಡುವರು. 1863ರಲ್ಲಿ ಕೊಚ್ಚಿಯ ಇತಿಹಾಸವನ್ನು ಕುರಿತ ಅವರ ಪುಸ್ತಕ ಹೊರಬಂದಿತು. 1865ರಲ್ಲಿ ಮಲಬಾರಿನ ಮೀನುಗಳನ್ನು ಕುರಿತ ಚಿತ್ರಸಹಿತ ಗ್ರಂಥ ಪ್ರಕಟವಾಯಿತು. ವೃತ್ತಿಯಿಂದ ವೈದ್ಯರಾದ ಡೇ ಅವರು ಹೀಗೆ ಮೆಲ್ಲಮೆಲ್ಲನೆ ಮೀನಿನ ವಿಜ್ಞಾನಿಯಾದರು.

ಇದೇ ಕಾಲಕ್ಕೆ ಅವರು ಒಂದು ಸಾಹಸಕ್ಕೆ ಕೈಹಾಕಿದರು. ನೀಲಗಿರಿಯ ಬೆಟ್ಟಗಳಲ್ಲಿ ಹರಿಯುವ ನೀರು ತಣ್ಣಗಿದೆ, ತಿಳಿಯಾಗಿದೆ. ಆದರೆ ಅದರಲ್ಲಿ ದೊಡ್ಡ ಮೀನುಗಳು ಇಲ್ಲ. ಸಾಲ್ಮನ್ನಿನ ಹತ್ತಿರದ ಬಂಧುವಾದ ಟ್ರೌಟ್ ಮೀನನ್ನು ಇಲ್ಲಿ ತಂದು ಬಿಟ್ಟರೆ ಹೇಗೆ ಎಂದು ಅವರು ಯೋಚಿಸಿದರು. ಜೀವಂತ ಮೀನನ್ನು ಇಂಗ್ಲೆಂಡಿನಿಂದ ತರುವುದು ಆಗದ ಮಾತು. ಆದ್ದರಿಂದ ಮೊಟ್ಟೆಗಳನ್ನೇ ತರಬೇಕು.

ಈ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಬೇಕಾದರೆ ಸಾಲ್ಮನ್ ಕುಲದ ಬಾಳನ್ನು ಸ್ವಲ್ಪ ಅರಿಯಬೇಕು. ಸಾಲ್ಮನ್ ಹುಟ್ಟುವುದು ನದಿಯ ಸಿಹಿನೀರಿನಲ್ಲಿ. ತಾಯಿಮೀನು ಹೊಳೆಯ ತಳದ ಹರಳುಗಲ್ಲುಗಳಲ್ಲಿ ಬಾಲದಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಚಳಿಗಾಲವೆಲ್ಲ ತಣ್ಣೀರಿನಲ್ಲಿ ಕಳೆದು, ವಸಂತ ಕಾಲಕ್ಕೆ ಮರಿಗಳು ಹೊರಬರುತ್ತವೆ. ಆಗ ಮರಿಯ ಹೊಟ್ಟೆಗೆ ಒಂದು ಸಣ್ಣ ಆಹಾರದ ಚೀಲ ಅಂಟಿಕೊಂಡಿರುತ್ತದೆ. ಕೆಲವು ವಾರ ಅದೇ ಅದರ ಬುತ್ತಿ. ಅನಂತರ ಒಂದೆರಡು ವರ್ಷ, ಕೆಲವೊಮ್ಮೆ ಹೆಚ್ಚು ಕಾಲ, ಹೊಳೆಯಲ್ಲಿ ಬೆಳೆದು ಸಮುದ್ರಕ್ಕೆ ಇಳಿಯುತ್ತದೆ. ಕಡಲಿನಲ್ಲಿ ಚೆನ್ನಾಗಿ ಮೇದು ದೊಡ್ಡದಾಗಿ, ತಾನು ಹುಟ್ಟಿದ ಹೊಳೆಗೇ ಮರಳಿ ಬಂದು ಮೊಟ್ಟೆಯಿಡುತ್ತದೆ. ಒಂದು ತಾಯಿಮೀನು ಸಾವಿರಾರು ಮೊಟ್ಟೆ ಇಟ್ಟರೂ ಪ್ರವಾಹ, ಹೂಳು, ಹಕ್ಕಿ, ಬೇರೆ ಮೀನುಗಳ ಬಾಯಿಗೆ ಸಿಕ್ಕಿ ಹೆಚ್ಚಿನವು ಹಾಳಾಗುತ್ತವೆ. ದೊಡ್ಡವಾಗಿ ಮರಳಿ ಬರುವವು ಬೆರಳೆಣಿಕೆಯಷ್ಟು.

ಈ ನಷ್ಟವನ್ನು ತಪ್ಪಿಸಲೆಂದೇ ಮೀನುಮರಿ ಉತ್ಪಾದನಾ ಕೇಂದ್ರ ಅಥವಾ ಹ್ಯಾಚರಿ ಎಂಬುದು ಹುಟ್ಟಿತು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಜಾಕೋಬಿ ಎಂಬವರು ಇದರ ದಾರಿ ತೋರಿಸಿದರು. ನದಿಗೆ ಮರಳಿದ ತಾಯಿಮೀನನ್ನು ಹಿಡಿದು, ಅದರ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆಗಳನ್ನು ಒಂದು ಪಾತ್ರೆಗೆ ಇಳಿಸುತ್ತಾರೆ. ಗಂಡುಮೀನಿನಿಂದಲೂ ಹೀಗೆಯೇ ಹಾಲಿನಂಥ ದ್ರವವನ್ನು ತೆಗೆದು ಅದರೊಡನೆ ಕಲಸುತ್ತಾರೆ. ಅನಂತರ ಮೊಟ್ಟೆಗಳನ್ನು ತಟ್ಟೆಗಳಲ್ಲಿ ಹರಡಿ, ಅವುಗಳ ಮೇಲೆ ಸದಾ ತಣ್ಣನೆಯ ಶುದ್ಧ ನೀರು ಹರಿಯುವಂತೆ ಮಾಡುತ್ತಾರೆ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದನ್ನು ಆಗಾಗ ಆರಿಸಿ ತೆಗೆಯದಿದ್ದರೆ ಬೂಷ್ಟು ಹಿಡಿದು ಪಕ್ಕದ ಮೊಟ್ಟೆಗಳಿಗೂ ಹಬ್ಬುತ್ತದೆ. ನೀರು ಬೆಚ್ಚಗಾದರೆ ಕೆಲಸ ಕೆಟ್ಟಿತು. ಹೀಗೆ ಜಾಗರೂಕತೆಯಿಂದ ನೋಡಿಕೊಂಡರೆ ನದಿಯಲ್ಲಿ ಹಾಳಾಗುವ ಮೊಟ್ಟೆಗಳಲ್ಲಿ ಬಹುಪಾಲು ಮರಿಗಳಾಗುತ್ತವೆ.

ಈಗ ಡೇ ಅವರ ಕಷ್ಟವನ್ನು ಊಹಿಸಿಕೊಳ್ಳಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಇಂಗ್ಲೆಂಡಿನಿಂದ ಮದರಾಸಿಗೆ ಬರಬೇಕಾದರೆ ಆಫ್ರಿಕವನ್ನೆಲ್ಲ ಸುತ್ತಬೇಕು, ಇಲ್ಲವೇ ಈಜಿಪ್ಟಿನ ನೆಲವನ್ನು ದಾಟಿ ಕೆಂಪು ಸಮುದ್ರದ ಬೇಗೆಯಲ್ಲಿ ಹಡಗೇರಬೇಕು. ಅಲ್ಲಿಂದ ಮುಂದೆ ಬಯಲುಸೀಮೆಯ ಬಿಸಿಲನ್ನು ದಾಟಿ ಬೆಟ್ಟ ಹತ್ತಬೇಕು. ಇಷ್ಟು ದಾರಿಯಲ್ಲಿ ಮೊಟ್ಟೆಗಳಿಗೆ ಬಿಸಿ ತಾಗಬಾರದು! 1863ರಲ್ಲಿ ಮಾಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಅನಂತರವೂ ಅವರು ಛಲ ಬಿಡಲಿಲ್ಲ. ಆದರೂ ಟ್ರೌಟ್ ಅಲ್ಲಿ ನೆಲೆಯೂರಲಿಲ್ಲ. ಅದೇ ಕಾಲದಲ್ಲಿ, 1864ರಲ್ಲಿ, ನಾರ್ಫೋಕ್ ಎಂಬ ಹಡಗು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟ ಸಾಲ್ಮನ್ ಮತ್ತು ಟ್ರೌಟ್ ಮೊಟ್ಟೆಗಳನ್ನು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಯ್ದಿತು. ಟಾಸ್ಮೇನಿಯದಲ್ಲಿ ಮರಿಗಳು ಹೊರಬಂದವು. ಟ್ರೌಟ್ ಅಲ್ಲಿ ನೆಲೆನಿಂತಿತು. ಸಾಲ್ಮನ್ ಮರಿಗಳು ಕಡಲಿಗೆ ಹೋದವು, ಮರಳಿ ಬಂದು ನೆಲೆಯೂರಲಿಲ್ಲ. ಪರನಾಡಿನ ಮೀನನ್ನು ತಂದು ಬೆಳೆಸುವುದು ಬರಿಯ ಆಸೆಯಿಂದ ಆಗುವ ಕೆಲಸವಲ್ಲವೆಂದು ಇದರಿಂದ ತಿಳಿಯುತ್ತದೆ.

ನೀಲಗಿರಿಯಲ್ಲಿ ಡೇ ಅವರು ಕಂಡ ಕನಸು ನನಸಾದದ್ದು ಅವರು ತೀರಿಕೊಂಡ ಮೇಲೆ. ಸುಮಾರು 1907ರಲ್ಲಿ ಎಚ್. ಸಿ. ವಿಲ್ಸನ್ ಎಂಬವರು ಅವಲಾಂಚೆ ಎಂಬಲ್ಲಿ ಟ್ರೌಟ್ ಹ್ಯಾಚರಿಯನ್ನು ಕಟ್ಟಿ ಗೆದ್ದರು. ಕಾಶ್ಮೀರದಲ್ಲಿಯೂ 1900ರ ಹೊತ್ತಿಗೆ ಟ್ರೌಟ್ ಬಂದು ನೆಲೆಸಿತು. ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ಯುವುದು ವಿಜ್ಞಾನದಲ್ಲಿ ಹೊಸತಲ್ಲ.

ಡೇ ಅವರ ಬಾಳಿನ ದೊಡ್ಡ ಕೆಲಸ ಆರಂಭವಾದದ್ದು ಇನ್ನೊಂದು ಪ್ರಶ್ನೆಯಿಂದ. ಆಗ ದಕ್ಷಿಣ ಭಾರತದ ಕಾವೇರಿ, ಕೊಳ್ಳಿಡಂ, ಗೋದಾವರಿ ಮೊದಲಾದ ನದಿಗಳಿಗೆ ಅಡ್ಡಲಾಗಿ ಅಣೆಕಟ್ಟುಗಳು ಎದ್ದಿದ್ದವು. ಅವುಗಳಿಂದ ಲಕ್ಷಾಂತರ ಎಕರೆ ಭೂಮಿಗೆ ನೀರು ಸಿಕ್ಕಿತು, ಅನ್ನ ಬೆಳೆಯಿತು. ಆದರೆ ಮೀನಿನ ಗತಿಯೇನು? ಸಾಲ್ಮನ್ನಿನಂತೆಯೇ ಕಡಲಿನಿಂದ ನದಿಗೆ ಏರಿಬಂದು ಮೊಟ್ಟೆಯಿಡುವ ಹಿಲ್ಸಾ ಎಂಬ ಮೀನು ನಮ್ಮ ದೇಶದಲ್ಲಿದೆ. ಅದು ಅಣೆಕಟ್ಟನ್ನು ಹತ್ತಲಾರದು. ಕೆಳಗೆ ಗುಂಪುಗುಂಪಾಗಿ ನಿಂತಾಗ ಜನ ಸುಲಭವಾಗಿ ಬಾಚಿಕೊಳ್ಳುತ್ತಿದ್ದರು. ಈ ವಿಷಯವನ್ನು ಪರಿಶೀಲಿಸಲು ಸರಕಾರ ಡೇ ಅವರನ್ನು ನೇಮಿಸಿತು. 1871ರಲ್ಲಿ ಅವರು ಭಾರತ ಮತ್ತು ಬರ್ಮಾ ದೇಶಗಳ ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆದರು.

ಅವರು ಊರೂರು ಸುತ್ತಿದರು. ಜಿಲ್ಲೆಯ ಅಧಿಕಾರಿಗಳಿಂದ ಹಿಡಿದು ತಹಸೀಲ್ದಾರರವರೆಗೆ ಎಲ್ಲರಿಂದಲೂ ವಿವರ ತರಿಸಿಕೊಂಡರು. ನಿಮ್ಮಲ್ಲಿ ಯಾವ ಮೀನು ಸಿಗುತ್ತದೆ, ಯಾರು ಹಿಡಿಯುತ್ತಾರೆ, ಬಲೆಯ ಕಣ್ಣು ಎಷ್ಟು ಚಿಕ್ಕದು, ಪೇಟೆಯಲ್ಲಿ ಬೆಲೆಯೇನು ಎಂಬ ಪ್ರಶ್ನೆಗಳು. ಎಲ್ಲ ಕಡೆಯಿಂದ ಬಂದ ಉತ್ತರ ಬಹುಮಟ್ಟಿಗೆ ಒಂದೇ. ಮಳೆಗಾಲದಲ್ಲಿ ಮೊಟ್ಟೆಯಿಡಲು ಗದ್ದೆ ಕಾಲುವೆಗಳಿಗೆ ಏರುವ ತಾಯಿಮೀನನ್ನು ಹಿಡಿಯುತ್ತಾರೆ. ನೀರು ಇಳಿಯುವಾಗ ಹೊಳೆಗೆ ಮರಳುವ ಮರಿಗಳನ್ನು ಬುಟ್ಟಿಯೊಡ್ಡಿ ಬಾಚುತ್ತಾರೆ. ಬೇಸಗೆಯಲ್ಲಿ ಮಡುಗಳಿಗೆ ವಿಷದ ಕಾಯಿ, ಸೊಪ್ಪು ಅರೆದು ಹಾಕಿ ಉಳಿದದ್ದನ್ನೂ ಮುಗಿಸುತ್ತಾರೆ. 1873ರಲ್ಲಿ ಡೇ ಅವರು ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ಒಂದು, ಸಮುದ್ರದ ಮೀನುಗಾರಿಕೆಯ ಬಗ್ಗೆ ಇನ್ನೊಂದು ವರದಿ ಸಲ್ಲಿಸಿದರು. ಬಲೆಯ ಕಣ್ಣಿಗೆ ಒಂದು ಮಿತಿ ಇರಬೇಕು, ವಿಷ ಹಾಕುವುದು ನಿಲ್ಲಬೇಕು, ಅಣೆಕಟ್ಟುಗಳಲ್ಲಿ ಮೀನು ಹಾದುಹೋಗಲು ದಾರಿ ಬಿಡಬೇಕು ಎಂಬುದು ಅವರ ಸಲಹೆಯ ತಿರುಳು.

ಸರಕಾರ ಕೂಡಲೇ ಕಾನೂನು ಮಾಡಲಿಲ್ಲ. ಬಡವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಅಂಜಿಕೆ ಅಧಿಕಾರಿಗಳಲ್ಲಿತ್ತು. ಆ ಅಂಜಿಕೆಯನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಇಂದು ಸಿಕ್ಕಿದ ಹಿಡಿ ಮರಿಮೀನಿನಿಂದ ಇಂದಿನ ಒಲೆ ಉರಿಯುತ್ತದೆ. ನಾಳೆಯ ದೊಡ್ಡ ಮೀನಿಗಾಗಿ ಕಾಯಿರಿ ಎಂದು ಹಸಿದವನಿಗೆ ಹೇಳುವುದು ಹೇಗೆ? ಆದರೆ ಮರಿಯನ್ನೇ ತಿಂದು ಮುಗಿಸಿದರೆ ನಾಳೆ ಅದೇ ಬಡವನ ಬಲೆ ಬರಿದಾಗುತ್ತದೆ. ಈ ಎರಡರ ನಡುವಿನ ತೊಡಕು ಡೇ ಅವರ ಕಾಲದಲ್ಲಿ ಇದ್ದಂತೆ ಇಂದಿಗೂ ಇದೆ. ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯಿದೆ ಬಂದಿತು. ನೀರಿಗೆ ವಿಷ ಹಾಕುವುದು, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು ಅಪರಾಧವಾಯಿತು. ಅಷ್ಟು ಹೊತ್ತಿಗೆ ಡೇ ಅವರು ಕಾಲವಾಗಿ ಎಂಟು ವರ್ಷಗಳಾಗಿದ್ದವು.

ಕಡಲತೀರದ ಬೆಸ್ತರ ಇನ್ನೊಂದು ಕಷ್ಟವನ್ನೂ ಅವರು ಎತ್ತಿ ಹೇಳಿದರು. ಮಂಜುಗಡ್ಡೆ ಇಲ್ಲದ ಆ ಕಾಲದಲ್ಲಿ ಹೆಚ್ಚಾಗಿ ಸಿಕ್ಕಿದ ಬಾಂಗಡೆ, ತಾರಲೆಗಳನ್ನು ಉಪ್ಪು ಹಾಕಿ ಒಣಗಿಸದೆ ಗತಿಯಿಲ್ಲ. ಆದರೆ ಬ್ರಿಟಿಷ್ ಸೀಮೆಯಲ್ಲಿ ಉಪ್ಪಿನ ಮೇಲೆ ಭಾರಿ ತೆರಿಗೆ. ಉಪ್ಪು ಸಾಲದೆ ಮೀನು ಕೊಳೆಯುತ್ತಿತ್ತು. ಅಂಥದನ್ನು ತಿಂದವರ ಆರೋಗ್ಯವೂ ಕೆಡುತ್ತಿತ್ತು. ಮೀನು ಒಣಗಿಸುವವರಿಗೆ ಅಗ್ಗದ ಉಪ್ಪು ಕೊಡಬೇಕೆಂದು ಡೇ ಅವರು ವಾದಿಸಿದರು. ಮುಂದೆ ಮಲಬಾರು ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಸರಕಾರಿ ಅಂಗಳಗಳು ತೆರೆದು, ಅಲ್ಲಿ ತೆರಿಗೆಯಿಲ್ಲದ ಉಪ್ಪು ಸಿಗತೊಡಗಿತು. ಆಗ ಪೋರ್ಚುಗೀಸರ ಕೈಯಲ್ಲಿದ್ದ ನಮ್ಮ ಗೋವೆಯಲ್ಲಿ ಉಪ್ಪಿನಾಗರಗಳು ಬೇಕಾದಷ್ಟಿದ್ದವು. 1878ರ ಒಪ್ಪಂದದಿಂದ ಗೋವೆಯ ಉಪ್ಪಿನ ಮೇಲೂ ಬ್ರಿಟಿಷರ ಹಿಡಿತ ಬಿದ್ದಿತು. ಅದು ಸಡಿಲವಾದದ್ದು 1892ರಲ್ಲಿ. ಒಂದು ಹಿಡಿ ಉಪ್ಪಿನ ಬೆಲೆ ಬೆಸ್ತರ ಮನೆಯ ಊಟವನ್ನು ಹೇಗೆ ನಿರ್ಧರಿಸುತ್ತಿತ್ತೆಂಬುದನ್ನು ಪಾಲಕರು ಸುಲಭವಾಗಿ ಅರಿಯಬಲ್ಲರು.

ಕನ್ನಡ ನಾಡಿನೊಡನೆ ಡೇ ಅವರ ನಂಟು ಮೀನುಗಳ ಹೆಸರಿನಲ್ಲಿ ಉಳಿದಿದೆ. ಆಗ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಅವರು ಮೀನುಗಳ ಬಗ್ಗೆ ಬಹಳ ಆಸಕ್ತಿಯುಳ್ಳವರು. ಜಿಲ್ಲೆಯಲ್ಲಿ ಮೀನು ಸಾಕಣೆಯನ್ನು ಕುರಿತು 1870ರಲ್ಲಿ ವರದಿ ಬರೆದವರು. ಅವರ ಹೆಸರನ್ನು ಡೇ ಅವರು ದಕ್ಷಿಣ ಕನ್ನಡದ ಹೊಳೆಯ ಒಂದು ಮೀನಿಗೆ ಇಟ್ಟರು. ನೇತ್ರಾವತಿಯ ಸೀಮೆಯ ಇನ್ನೊಂದು ಚೆಲುವಾದ ಮೀನಿಗೆ ಕೆನರಾ ಜಿಲ್ಲೆಯ ಹೆಸರನ್ನೇ ಕೊಟ್ಟು ಎಟ್ರೊಪ್ಲಸ್ ಕೆನರೆನ್ಸಿಸ್ ಎಂದು ಕರೆದರು. ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಸಿಗದ, ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಬಾಳುವ ಮೀನು ಅದು.

1877ರಲ್ಲಿ ನಿವೃತ್ತರಾಗಿ ಅವರು ಇಂಗ್ಲೆಂಡಿಗೆ ಮರಳಿ ಚೆಲ್ಟನ್‌ಹ್ಯಾಮ್ ಊರಿನಲ್ಲಿ ನೆಲೆಸಿದರು. 1875ರಿಂದ 1878ರವರೆಗೆ ಭಾಗಭಾಗವಾಗಿ ಅವರ ಮಹಾಗ್ರಂಥ ‘ದಿ ಫಿಶಸ್ ಆಫ್ ಇಂಡಿಯಾ’ ಪ್ರಕಟವಾಯಿತು. ಅದರಲ್ಲಿ ಸುಮಾರು ಇನ್ನೂರು ಚಿತ್ರಫಲಕಗಳಿವೆ. ನಮ್ಮ ರಾವಸ, ಬಾಂಗಡೆ, ತಾರಲೆ, ಇಸವಣ, ಚೊಣಕ್ ಎಲ್ಲವೂ ಅಲ್ಲಿ ಇವೆ. ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪ್ರಸಿದ್ಧ ಮೀನುವಿಜ್ಞಾನಿ ಗುಂಥರ್ ಅವರಿಗೂ ಡೇ ಅವರಿಗೂ ಬಹುಕಾಲ ವೈಮನಸ್ಯವಿತ್ತು. ಆ ಕಾರಣದಿಂದ ಡೇ ಅವರು ಭಾರತದಲ್ಲಿ ಕೂಡಿಟ್ಟ ಮೀನುಗಳು ಕಲ್ಕತ್ತೆ, ಸಿಡ್ನಿ, ಲೈಡನ್, ಬರ್ಲಿನ್, ವಿಯೆನ್ನ ಎಂದು ದೇಶದೇಶಗಳ ಪಾಲಾದವು. ಇಂದು ಅವುಗಳನ್ನು ನೋಡಬೇಕಾದ ವಿದ್ವಾಂಸರು ಜಗತ್ತನ್ನೇ ಸುತ್ತಬೇಕಾಗಿದೆ. ಇಬ್ಬರು ದೊಡ್ಡವರ ಮನಸ್ತಾಪದಿಂದ ವಿದ್ಯೆಗೆ ಎಷ್ಟು ತೊಂದರೆಯಾಗಬಹುದೆಂಬುದಕ್ಕೆ ಇದೊಂದು ಉದಾಹರಣೆ.

ಯೌವನದಲ್ಲಿ ಕೈತಪ್ಪಿದ ಮೊಟ್ಟೆಗಳ ನೆನಪು ಅವರನ್ನು ಬಿಡಲಿಲ್ಲವೋ ಏನೋ, ಮುಪ್ಪಿನಲ್ಲಿ ಅವರು ಸಾಲ್ಮನ್ ಕುಲದ ಕಡೆಗೇ ತಿರುಗಿದರು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಹತ್ತಿರ ಹೌಈಟನ್ ಎಂಬಲ್ಲಿ ಸರ್ ಜೇಮ್ಸ್ ಮೇಟ್‌ಲೆಂಡ್ ಎಂಬವರು ದೊಡ್ಡ ಹ್ಯಾಚರಿಯೊಂದನ್ನು ಕಟ್ಟಿದ್ದರು. ಅವರ ಜೊತೆಗೂಡಿ ಡೇ ಅವರು ಅನೇಕ ಪ್ರಯೋಗಗಳನ್ನು ಮಾಡಿದರು. ಚಿಕ್ಕ ಪ್ರಾಯದ ತಾಯಿಯ ಮೊಟ್ಟೆ ಚಿಕ್ಕದು, ಬಲಿತ ತಾಯಿಯ ಮೊಟ್ಟೆ ದೊಡ್ಡದು ಎಂದು ತೋರಿಸಿದರು. ಕಡಲನ್ನೇ ಕಾಣದೆ ಸಿಹಿನೀರಿನ ಕೊಳದಲ್ಲಿ ಬೆಳೆದ ಸಾಲ್ಮನ್ ಕೂಡ ಮೊಟ್ಟೆ ಇಡಬಲ್ಲದೆಂಬುದು ಅಲ್ಲಿ ಕಂಡುಬಂದಿತು. ಇದನ್ನೆಲ್ಲ ಒಳಗೊಂಡ ಅವರ ಸಾಲ್ಮನ್ ಗ್ರಂಥ 1887ರಲ್ಲಿ ಹೊರಬಂದಿತು.

ಹ್ಯಾಚರಿಯಿಂದ ಮೀನುಗಾರನಿಗೆ ಏನು ಲಾಭ? ಅಮೆರಿಕದಲ್ಲಿ 1872ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಎಂಬವರು ಕ್ಯಾಲಿಫೋರ್ನಿಯದ ಮೆಕ್‌ಲೌಡ್ ನದಿಯ ದಂಡೆಯಲ್ಲಿ ಸಾಲ್ಮನ್ ಮೊಟ್ಟೆಗಳ ಕೇಂದ್ರ ತೆರೆದರು. ಇಂದು ಅಲಾಸ್ಕದಲ್ಲಿಯೂ ಜಪಾನಿನ ಹೊಕ್ಕೈಡೊದಲ್ಲಿಯೂ ಹ್ಯಾಚರಿಗಳಲ್ಲಿ ಹುಟ್ಟಿದ ಮರಿಗಳನ್ನು ಹೊಳೆಗೆ ಬಿಡುತ್ತಾರೆ. ಅವು ಕಡಲಿಗೆ ಹೋಗಿ, ತಾವೇ ಮೇದು ಬೆಳೆದು, ಮರಳಿ ಬರುವಾಗ ಬೆಸ್ತರ ಬಲೆಗೆ ಬೀಳುತ್ತವೆ. ನಾರ್ವೆಯಲ್ಲಿ ಕಡಲಿನ ಪಂಜರಗಳಲ್ಲಿ ಸಾಕಿದ ಸಾಲ್ಮನ್ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು. ಇವೆಲ್ಲದರ ಮೂಲ ಆ ತಟ್ಟೆಯಲ್ಲಿನ ಮೊಟ್ಟೆ. ಆದರೆ ಹ್ಯಾಚರಿಯೊಂದಿದ್ದರೆ ಸಾಕು, ನದಿ ಏನಾದರಾಗಲಿ ಎಂದುಕೊಂಡ ಕಡೆಗಳಲ್ಲಿ ಕೇಡಾಯಿತು. ಅಮೆರಿಕದ ಪಶ್ಚಿಮ ತೀರದ ನದಿಗಳಿಗೆ ಅಣೆಕಟ್ಟು ಕಟ್ಟಿ, ಬದಲಿಗೆ ಹ್ಯಾಚರಿಗಳನ್ನು ಕೊಟ್ಟರೂ ಕಾಡುಸಾಲ್ಮನ್ ಅನೇಕ ಕಡೆ ಕ್ಷೀಣಿಸಿತು. ನಮ್ಮಲ್ಲಿಯೂ 1975ರಲ್ಲಿ ಗಂಗೆಗೆ ಫರಕ್ಕಾ ಬ್ಯಾರೇಜು ಬಂದ ಮೇಲೆ ಅದರ ಮೇಲ್ಭಾಗದಲ್ಲಿ ಹಿಲ್ಸಾ ತೀರ ಅಪರೂಪವಾಯಿತು. ಡೇ ಅವರು ನೂರು ವರ್ಷ ಮುಂಚೆ ಪರೀಕ್ಷಿಸಿದ ಪ್ರಶ್ನೆಯೇ ಇದು.

1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಭಾರತದ ವಿಭಾಗವನ್ನು ಡೇ ಅವರು ನೋಡಿಕೊಂಡರು. 1885ರಲ್ಲಿ ಸರಕಾರ ಅವರಿಗೆ ಸಿ.ಐ.ಇ. ಗೌರವವನ್ನಿತ್ತಿತು. ಆರೋಗ್ಯ ಕೆಟ್ಟಿದ್ದರೂ ಬರವಣಿಗೆ ನಿಲ್ಲಲಿಲ್ಲ. ಭಾರತದ 1,418 ಜಾತಿಯ ಮೀನುಗಳನ್ನು ವಿವರಿಸುವ ಎರಡು ಸಂಪುಟಗಳು 1889ರಲ್ಲಿ ಪ್ರಕಟವಾದವು. ಅದೇ ವರ್ಷ ಜುಲೈ 10ರಂದು, ಅರವತ್ತನೆಯ ವಯಸ್ಸಿನಲ್ಲಿ, ಅವರು ಚೆಲ್ಟನ್‌ಹ್ಯಾಮಿನಲ್ಲಿ ನಿಧನರಾದರು.

ಇಲ್ಲೊಂದು ಆಕಸ್ಮಿಕವನ್ನು ಹೇಳಬೇಕು. ಅವರು ತೀರಿಕೊಂಡ ಸರಿಯಾಗಿ 68 ವರ್ಷಗಳ ಮೇಲೆ, 1957ರ ಜುಲೈ 10ರಂದು, ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಗೆಂಡೆ ಜಾತಿಯ ಮೀನಿಗೆ ಚುಚ್ಚುಮದ್ದು ಕೊಟ್ಟು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ನಮ್ಮ ದೇಶದ ಕೆರೆಗಳಿಗೆ ಬೇಕಾದ ಮರಿಗಳು ಹ್ಯಾಚರಿಗಳಲ್ಲೇ ಹುಟ್ಟುವಂತಾಯಿತು. ಈಗ ಜುಲೈ 10ನ್ನು ರಾಷ್ಟ್ರೀಯ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮೀನಿನ ಮರಿಗಳನ್ನು ಬೆಳೆಸಿ ನದಿಗೆ ಬಿಡುತ್ತಾರೆ. ಕಾರವಾರದ ಕಡಲಿನಲ್ಲಿ ಪಂಜರ ಕಟ್ಟಿ ಮೀನು ಸಾಕುವುದನ್ನು ವಿಜ್ಞಾನಿಗಳು ಬೆಸ್ತರಿಗೆ ಕಲಿಸಿಕೊಟ್ಟಿದ್ದಾರೆ. 1966ರಲ್ಲಿ ಸ್ಥಾಪಿತವಾಗಿ ಈಗ ನಮ್ಮ ದೋಣಾಪಾವ್ಲದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ಕಡಲಿನ ನೀರನ್ನೂ ಜೀವಿಗಳನ್ನೂ ಅಭ್ಯಾಸ ಮಾಡುತ್ತಿದೆ.

ಮಕ್ಕಳೇ, ಮೊದಲು ಹೇಳಿದ ರಾವಸದ ಒಂದು ವಿಚಿತ್ರವನ್ನು ಕೇಳಿ. ಈ ಮೀನು ಚಿಕ್ಕಂದಿನಲ್ಲಿ ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಚೊಣಕ್ ಕೂಡ ಹಾಗೆಯೇ. ಚಿಕ್ಕ ರಾವಸಗಳನ್ನೇ ಹಿಡಿಯುತ್ತಾ ಹೋದರೆ ಮೊಟ್ಟೆಯಿಡುವ ತಾಯಿಯೇ ಉಳಿಯುವುದಿಲ್ಲ. ಗೋವೆಯಲ್ಲೂ ಕರ್ನಾಟಕದಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲಿಸುವುದು ಮೀನಿಗೆ ಸಂತಾನ ಬೆಳೆಸಲು ಬಿಡುವು ಸಿಗಲೆಂದೇ. ಆ ಎರಡು ತಿಂಗಳು ಜೆಟ್ಟಿಯಲ್ಲಿ ದುಡಿಯುವವರ ಕೈ ಕಟ್ಟಿದಂತಾಗುತ್ತದೆಂಬುದೂ ನಿಜ. ಆದರೆ ಉಳಿದ ಹತ್ತು ತಿಂಗಳ ಅನ್ನ ಆ ಎರಡು ತಿಂಗಳಲ್ಲಿ ನೀರೊಳಗೆ ಬೆಳೆಯುತ್ತಿರುತ್ತದೆ.

ಫ್ರಾನ್ಸಿಸ್ ಡೇ ಅವರು ಪರನಾಡಿನಿಂದ ಬಂದವರು, ಪರರ ಆಳ್ವಿಕೆಯ ನೌಕರರು. ಆದರೂ ನಮ್ಮ ಹೊಳೆ ಕಡಲುಗಳ ಮೀನುಗಳನ್ನು ನಾವೇ ಎಣಿಸದಿದ್ದ ಕಾಲದಲ್ಲಿ ಎಣಿಸಿಟ್ಟರು. ಮರಿಯನ್ನು ಉಳಿಸಿ ಎಂದು ಅಧಿಕಾರಿಗಳ ಬಾಗಿಲು ತಟ್ಟಿದರು. ಅವರ ಟ್ರೌಟ್ ಮೊಟ್ಟೆಗಳು ದಾರಿಯಲ್ಲಿ ಕೆಟ್ಟವು, ಅವರ ಸಲಹೆಗಳು ಕಾನೂನಾಗಲು ವರ್ಷಗಟ್ಟಲೆ ಹಿಡಿಯಿತು. ಅವರು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಮುಂದೆ ನಿಮ್ಮಲ್ಲಿ ಯಾರಾದರೂ ಮೀನುಗಳ ವಿಜ್ಞಾನವನ್ನು ಕಲಿತು, ರಾವಸದ ಮರಿಗಳನ್ನು ಬೆಳೆಸಿ ಈ ಕಡಲಿಗೆ ಬಿಡುವಂತಾದರೆ, ಆ ವೈದ್ಯರು ಆರಂಭಿಸಿದ ಕೆಲಸವನ್ನು ಮುಂದುವರಿಸಿದಂತಾಗುತ್ತದೆ.